ಸಹಾಯ ಬೇಕು: ಅಪ್ಪಾರು ಮಾಡಿದ ಬಾಗಿಲಾ, ಬೀಜ ಬಿತ್ತೋ ಕೂರಿಗಿ ಫೋಟೋ ಇದ್ರ ಕಳಸ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಹಳೇ ಬಾಗಲಕೋಟಿಯೊಳಗ ಬಡಿಗತನ ಮಾಡತಿದ್ದ ನಮ್ಮ ಅಪ್ಪಾರು ಹೋದ ತಿಂಗಳ ತೀರಿಕೊಂಡ್ರು. ಅವರ ಕೆಲಸದ್ದು ಒಂದೂ ಫೋಟೋ ನಮ್ಮ ಹತ್ರ ಇಲ್ಲ. ಆಲಮಟ್ಟಿ ಹಿನ್ನೀರಿಗೆ ಮನಿ ಬಿಟ್ಟು ನವನಗರಕ್ಕ ಬರೋವಾಗ ಎಷ್ಟೋ ಮಂದಿ ಸಾಗವಾನಿ ಚೌಕಟ್ಟು ಕಿತಗೊಂಡು ಬಂದ್ರಲ್ಲ, ಅದರಾಗ ಅಪ್ಪಾರ ಕೈಯಾಂವೂ ಇರಬೇಕು. ಗುರುತು: ಮ್ಯಾಲಿನ ಪಟ್ಟಿ ನಡುವ ಕಮಲ, ಎಡಬಲಕ್ಕ ಗಿಳಿ. ಬಲಗಡೆ ಗಿಳಿ ಸಣ್ಣದು, ಅದು ನನ್ನ ತಂಗಿ ಅಂತಿದ್ರು.

ರೈತರ ಹತ್ರ ಜಾಲಿ ಕಟ್ಟಿಗಿ ಕೂರಿಗಿ ಇದ್ರೂ ನಡೀತದ. ಬಿಳಿಜ್ವಾಳದ ಸಾಲ ಸೊಟ್ಟ ಬೀಳಬಾರದಂತ ರಾತ್ರಿ ಕಂದೀಲ ಹಚ್ಚಿ ಮತ್ತ ಅಳೀತಿದ್ರು. (ನಮ್ಮನಿ ಬಾಗಿಲಾ ಮಾತ್ರ ಕೊನೀತನಕ ಕಿರ್ ಅಂತಿತ್ತು!)

ಇನ್ನೊಂದು, ಅವರ ಬಾಚಿ, ಉಳಿ ಜಂಗು ಹಿಡೀದಂಗ ಹೆಂಗ ಇಡೋದು? ಬಲ್ಲ ಬಡಿಗೇರ ಅಣ್ಣಾರು ತಿಳಸ್ರಿ.