ಅಪ್‌ಡೇಟ್: ಸ್ಪೈ ಕಿಡ್ಸ್ ನಾಲ್ಕನೇ ಭಾಗ ನೋಡಿದೆವು

ಮಕ್ಕಳೇ ಗೂಢಚಾರರಾಗುವ ಸ್ಪೈ ಕಿಡ್ಸ್ ಸಿನಿಮಾಗಳಲ್ಲಿ ಮೊದಲ ಮೂರು (2001, 2002, 2003) ನನ್ನ ಮಕ್ಕಳಿಗೆ ತುಂಬಾ ಇಷ್ಟವಾಗಿದ್ದವು. 2011ರ ನಾಲ್ಕನೇ ಭಾಗ ತೋರಿಸಲಾ ಎಂದು ಹಿಂದೊಮ್ಮೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. 'ಬೇಡ' ಅಂದವರೇ ಜಾಸ್ತಿ. ಆದರೂ ಭಾನುವಾರ ಎಲ್ಲರೂ ಕೂತು ನೋಡಿದೆವು.

ನನಗೆ ನಿಜಕ್ಕೂ ಬೇಜಾರಾಯಿತು. ಮೊದಲ ಭಾಗಗಳಲ್ಲಿ ಅಪ್ಪ ಅಮ್ಮ ಆಗಿದ್ದ ಆಂಟೋನಿಯೊ ಬಾಂಡೆರಾಸ್, ಕಾರ್ಲಾ ಗುಜಿನೊ ಇಲ್ಲ. ಅವರ ಮಕ್ಕಳಾಗಿದ್ದ ಕಾರ್ಮೆನ್, ಜೂನಿ ದೊಡ್ಡವರಾಗಿ ಬರುತ್ತಾರೆ, ಆದರೆ ಕಥೆ ಅವರದಲ್ಲ. ಜೆಸ್ಸಿಕಾ ಆಲ್ಬಾ ಇಲ್ಲಿ ಇಬ್ಬರು ಹೊಸ ಮಕ್ಕಳ ಮಲತಾಯಿ. ಅವಳು ಗೂಢಚಾರಿಣಿ ಅನ್ನೋದು ಆ ಮಕ್ಕಳಿಗೆ ಮೊದಲು ಗೊತ್ತಿರೋದಿಲ್ಲ. ಥಿಯೇಟರಿನಲ್ಲಿ ಉಜ್ಜಿ ಮೂಸುವ ವಾಸನೆ ಕಾರ್ಡ್ ಕೊಟ್ಟಿದ್ದರಂತೆ. ಮನೆಯಲ್ಲಿ ಅದಿಲ್ಲದೆ ಆ ದೃಶ್ಯಗಳು ಸುಮ್ನೆ ಎಳೆದ ಹಾಗಿವೆ.

ನನಗೆ ಜಾಸ್ತಿ ನೋವಾಗಿದ್ದು ಕಾಲದ ವಿಷಯದಲ್ಲಿ. ಖಳನಾಯಕನಿಗೆ ಬೇಕಾಗಿರೋದು ತೀರಿಹೋದ ಅಪ್ಪನ ಜೊತೆ ಇನ್ನಷ್ಟು ಸಮಯ. ಇತ್ತ ಆ ಹೊಸ ಮಕ್ಕಳ ಅಪ್ಪನಿಗೆ ಕೆಲಸದ ಮಧ್ಯೆ ಮನೆಗೆ ಸಮಯವೇ ಇಲ್ಲ. ಎಂಥ ಒಳ್ಳೆ ಎಳೆ, ಅಲ್ವಾ? ಆದರೆ ಅದನ್ನು ಎರಡು ನಿಮಿಷ ನೆಮ್ಮದಿಯಾಗಿ ನೋಡಲು ಬಿಡುವುದಿಲ್ಲ. ತಕ್ಷಣ ವಾಂತಿ ಚೀಲದ ತಮಾಷೆ ಬಂದುಬಿಡುತ್ತದೆ. ನಿರ್ದೇಶಕ ರಾಬರ್ಟ್ ರಾಡ್ರಿಗಸ್ ಅವರೇ ಮೊದಲ ಭಾಗದಲ್ಲಿ ಕುಟುಂಬದ ಪ್ರೀತಿಯನ್ನು ಎಷ್ಟು ಚೆನ್ನಾಗಿ ತೋರಿಸಿದ್ದರು!

ಮಗಳಿಗೆ ಮಾತಾಡುವ ರೋಬೋ ನಾಯಿ ಇಷ್ಟವಾಯಿತು. ಆ ಹೊಸ ಮಕ್ಕಳಲ್ಲಿ ಒಬ್ಬನಾದ, ಕಿವಿಗೆ ಶ್ರವಣಸಾಧನ ಹಾಕುವ ಸೆಸಿಲ್ ಕೂಡ. ಮಗ ಅರ್ಧಕ್ಕೇ ಎದ್ದುಹೋದ. ಸಂಜೆ ಅವನೇ ಮೊದಲ ಭಾಗ ಹಾಕಿಸಿದ.