ಸಿಬರಿಟಿಕ್: ಎಲ್ಲಿಂದ ಬಂತು, ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಇಂಗ್ಲಿಷ್‌ನ ಸಿಬರಿಟಿಕ್ ಅನ್ನೋ ವಿಶೇಷಣಕ್ಕೆ ಕನ್ನಡದಲ್ಲಿ ನೀವೆಲ್ಲ ಏನು ಬಳಸ್ತೀರಿ? ಒಂದು ಅನುವಾದದಲ್ಲಿ ಐಷಾರಾಮಿ ಅಂತ ಹಾಕಿದ್ದು ನೋಡ್ದೆ, ನಂಗೆ ಒಪ್ಪಿಗೆ ಆಗ್ಲಿಲ್ಲ. ಐಷಾರಾಮಿ ಬಸ್ಸು, ಐಷಾರಾಮಿ ಬಂಗಲೆ ಅಂತೀವಲ್ಲ, ಅದು ವಸ್ತುವಿನ ಗುಣ. ಇದು ಮುಖ್ಯವಾಗಿ ಮನುಷ್ಯ ಬದುಕೋ ರೀತಿಗೆ, ಮೈಗೆ ಒಂಚೂರೂ ತೊಂದ್ರೆ ಆಗ್ಬಾರ್ದು ಅನ್ನೋ ಸುಖದ ಚಟಕ್ಕೆ ಹೇಳೋ ಮಾತು.

ಮೂಲ ನೋಡಿದ್ರೆ ಗೊತ್ತಾಗುತ್ತೆ. ಸಿಬರಿಸ್ ಅಂತ ದಕ್ಷಿಣ ಇಟಲಿಯಲ್ಲಿ, ಈಗಿನ ಕಲಾಬ್ರಿಯಾ ಕಡೆ, ಕ್ರಿ.ಪೂ. 720ರ ಸುಮಾರಿಗೆ ಗ್ರೀಕರು ಕಟ್ಟಿದ ಊರು. ಎರಡು ನದಿ ನಡುವಿನ ಒಳ್ಳೇ ನೆಲ, ಮಿಲೆಟಸ್ ಅನ್ನೋ ಇನ್ನೊಂದು ಗ್ರೀಕ್ ಊರಿನ ಜೊತೆ ವ್ಯಾಪಾರ, ದುಡ್ಡು ಸೇರಿತ್ತು. ಆಮೇಲೆ ಹುಟ್ಟಿದ ಕಥೆಗಳು ನೋಡಿ: ಕಮ್ಮಾರ ಬಡಗಿಗಳ ಸದ್ದು ಊರೊಳಗೆ ಕೇಳ್ಬಾರ್ದು, ನಿದ್ದೆ ಕೆಡುತ್ತೆ ಅಂತ ಹುಂಜ ಸಾಕೋ ಹಾಗೂ ಇಲ್ಲ, ಯಾವನಾದ್ರೂ ಬಾಣಸಿಗ ಹೊಸ ತಿನಿಸು ಕಂಡುಹಿಡಿದ್ರೆ ಒಂದು ವರ್ಷ ಬೇರೆ ಯಾರೂ ಅದನ್ನ ಮಾಡಂಗಿಲ್ಲ, ಕುದುರೆಗೂ ಕೊಳಲಿಗೆ ಕುಣಿಯೋದು ಕಲಿಸಿದ್ರಂತೆ, ಅದು ಗೊತ್ತಿದ್ದ ಪಕ್ಕದ ಊರು ಕ್ರೋಟನ್‌ನವರು ಯುದ್ಧದಲ್ಲಿ ಕೊಳಲು ಊದಿದ್ರಂತೆ, ಕುದುರೆಗಳೆಲ್ಲ ಕುಣಿಯೋಕೆ ಶುರು. ಕ್ರಿ.ಪೂ. 510ರಲ್ಲಿ ಕ್ರೋಟನ್ ಈ ಊರನ್ನ ನಾಶ ಮಾಡ್ತು, ಕ್ರಾಥಿಸ್ ನದೀನೇ ತಿರುಗಿಸಿ ಅದರ ಮೇಲೆ ಹರಿಸಿದ್ರು ಅಂತ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೀತಾನೆ.

ಈ ಹುಂಜ, ಕುದುರೆ ಕಥೆಗಳು ನಮಗೆ ಸಿಗೋದು ಗ್ರೀಕ್ ಲೇಖಕ ಅಥೆನೇಯಸ್‌ನಲ್ಲಿ, ಅಂದ್ರೆ ಊರು ಹಾಳಾಗಿ ಸುಮಾರು 700 ವರ್ಷ ಆದ್ಮೇಲೆ, ಹಾಗಾಗಿ ಪೂರ್ತಿ ನಂಬೋಕಾಗಲ್ಲ. ಆದ್ರೆ ಹೆಸರು ಮಾತ್ರ ಹಳೇದು, ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ ಕಾಲಕ್ಕೇ ಸಿಬರಿಸ್‌ನ ಸ್ಮಿಂಡಿರಿಡೀಸ್ ವಿಲಾಸದಲ್ಲಿ ಎಲ್ಲರನ್ನೂ ಮೀರಿಸಿದವನು ಅಂತ ಹೆಸರಾಗಿದ್ದ. ಸ್ಪಾರ್ಟನ್ ಕೂಡ ಗ್ರೀಕ್ ಊರಿಂದಲೇ ಬಂದ ಪದ, ಅರ್ಥ ಪೂರ್ತಿ ಉಲ್ಟಾ, ಸುಖ ಬಿಟ್ಟ ಕಠಿಣ ಬದುಕು.

ಈಗ ಕನ್ನಡಕ್ಕೆ ಬರೋಣ. ಶೋಕೀಲಾಲ ಇದೆ, ಆದ್ರೆ ಅದ್ರಲ್ಲಿ ನಾಲ್ಕು ಜನ ನೋಡ್ಲಿ ಅನ್ನೋದು ಸೇರ್ಕೊಂಡಿದೆ. ಹುಂಜ ಓಡಿಸಿದವನಿಗೆ ಯಾರೂ ನೋಡ್ಬೇಕಿಲ್ಲ, ನಿದ್ದೆ ಬಂದ್ರೆ ಸಾಕು. ಸುಖಲೋಲುಪ ತುಂಬ ಹತ್ತಿರ, ನನ್ನ ವೋಟು ಅದಕ್ಕೇ, ಆದ್ರೆ ಈಗಿನ ಇಂಗ್ಲಿಷ್‌ನಲ್ಲಿ ಸ್ಪಾ, ರೆಸಾರ್ಟ್ ವೀಕೆಂಡಿಗೂ ಮೆಚ್ಚುಗೆಯಿಂದ ಸಿಬರಿಟಿಕ್ ಅಂತಾರೆ, ಅಲ್ಲಿ ಸುಖಲೋಲುಪ ಅಂದ್ರೆ ಬೈದ ಹಾಗಾಗುತ್ತೆ. ಆ ಮೆಚ್ಚುಗೆಯ ಅರ್ಥಕ್ಕೆ ಧಾರವಾಡ, ಮಂಗಳೂರು, ಮೈಸೂರು ಕಡೆ ಆಡುಮಾತಲ್ಲಿ ಪದ ಇದ್ರೆ ದಯವಿಟ್ಟು ಒಂದು ವಾಕ್ಯದ ಸಮೇತ ಬರೀರಿ.