ಭಾವ ಕೇಳಿದ ಪೆಟ್ರೋಲ್ ಖರ್ಚಿನ ಪ್ರಶ್ನೆಗೆ ಉತ್ತರ

ಭಾವ, ನಿಮ್ಮ ಮೆಸೇಜ್ ನೋಡಿದೆ. ಟೈಪ್ ಮಾಡ್ತಾ ಕೂತರೆ ಮುಗಿಯಲ್ಲ, ಅದಕ್ಕೇ ಮಾತಲ್ಲೇ ಹೇಳ್ತಿದ್ದೀನಿ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಕೇಳಿ. ಗ್ರೂಪಲ್ಲಿ ಎಲ್ಲರ ಮನೇಲೂ ಗಾಡಿ ಇರೋದ್ರಿಂದ ಉಳಿದೋರೂ ಕೇಳಿಸ್ಕೊಳ್ಳಿ.

ನೀವು ಕೇಳಿರೋದು ಇಷ್ಟು. ಸೆಕೆಂಡ್ ಹ್ಯಾಂಡಲ್ಲಿ ತಗೊಂಡ 1.2 ಲೀಟರ್ ಪೆಟ್ರೋಲ್ ಕಾರು, ಬೆಂಗಳೂರೊಳಗೆ ಹನ್ನೆರಡೂವರೆ ಮೈಲೇಜ್ ಕೊಡ್ತಿದೆ, ತಿಂಗಳಿಗೆ ಸುಮಾರು 800 ಕಿಲೋಮೀಟರ್ ಓಡುತ್ತೆ. ಸಿಎನ್‌ಜಿ ಕಿಟ್ ಹಾಕಿಸಲಾ, ಇಲ್ಲ ದುಬಾರಿ ಪವರ್ ಪೆಟ್ರೋಲ್ ಹಾಕಿ ನೋಡಲಾ ಅಂತ. ಕಿಟ್‌ನೋರಿಗೆ ಇನ್ನೂ ಅಡ್ವಾನ್ಸ್ ಕೊಡಬೇಡಿ. ಆ ಸೈಜಿನ ಕಾರು ನಮ್ಮ ಟ್ರಾಫಿಕ್‌ನಲ್ಲೂ 15, 16ರ ಹತ್ತಿರ ಬರಬೇಕು. ಎಲ್ಲೋ ಸೋರಿಕೆ ಇದೆ, ಮೊದಲು ಅದನ್ನ ಹುಡುಕೋಣ.

ಅದಕ್ಕೂ ಮುಂಚೆ ಸರಿಯಾಗಿ ಅಳೀಬೇಕು. ಡ್ಯಾಶ್‌ಬೋರ್ಡಲ್ಲಿ ಬರೋ ನಂಬರ್ ನಂಬ್ಕೋಬೇಡಿ, ಅದು ಕಂಪ್ಯೂಟರಿನ ಅಂದಾಜು, ಸಾಮಾನ್ಯವಾಗಿ ಸ್ವಲ್ಪ ಜಾಸ್ತೀನೇ ತೋರಿಸುತ್ತೆ. ಬಂಕಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ನಾಜಲ್ ಮೊದಲ ಸಲ ತಾನಾಗೇ ಕಟ್ ಆದಾಗ ನಿಲ್ಲಿಸೋಕೆ ಹೇಳಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕನಿಷ್ಠ 300 ಕಿಲೋಮೀಟರ್ ಓಡಿಸಿ, ಅದೇ ಬಂಕಲ್ಲಿ ಅದೇ ನಾಜಲ್‌ನಲ್ಲಿ ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನ ಈಗ ಹಿಡಿದ ಲೀಟರಿಂದ ಭಾಗಿಸಿದರೆ ಅದೇ ನಿಜವಾದ ಮೈಲೇಜ್. ಒಂದೇ ಸಲದ ಲೆಕ್ಕ ಸಾಲದು, ಎರಡು ಮೂರು ಟ್ಯಾಂಕ್ ಸರಾಸರಿ ತಗೊಳ್ಳಿ. ಕಟ್ ಆದ ಮೇಲೂ ಹುಡುಗರು ರೌಂಡ್ ಫಿಗರ್ ಮಾಡೋಕೆ ಅಂತ ಒತ್ತಿ ಒತ್ತಿ ಹಾಕ್ತಾರಲ್ಲ, ಅದಕ್ಕೆ ಅವಕಾಶ ಕೊಡಬೇಡಿ. ಟ್ಯಾಂಕಿನ ಆವಿ ಹಿಡಿಯೋಕೆ ಇದ್ದಲಿನ ಡಬ್ಬಿ ಒಂದಿರುತ್ತೆ, ಅದರೊಳಗೆ ಪೆಟ್ರೋಲ್ ನುಗ್ಗಿದರೆ ಹಾಳಾಗುತ್ತೆ.

ಇನ್ನು ಮೈಲೇಜ್ ಇಳಿದಿದ್ದರಲ್ಲಿ ಒಂದು ಪಾಲು ನಿಮ್ಮ ಕೈಲಿ ಇಲ್ಲ. ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್‌ನಲ್ಲಿ ಲೀಟರಿಗೆ ಇರೋ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಅಷ್ಟೇ. ಇ10ಕ್ಕೆ ಟ್ಯೂನ್ ಆದ ಹಳೆ ಕಾರಿಗೆ ಇ20 ಹಾಕಿದರೆ ಮೈಲೇಜ್ 6ರಿಂದ 7 ಪರ್ಸೆಂಟ್ ಇಳಿಯಬಹುದು, ಟೂ ವೀಲರ್‌ಗೆ 3ರಿಂದ 4, ಇ20ಕ್ಕೇ ಟ್ಯೂನ್ ಮಾಡಿದ ಕಾರಿಗೆ 1ರಿಂದ 2 ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ನಿಮ್ಮದು 2023ಕ್ಕೆ ಮುಂಚಿನ ಗಾಡಿ ಆದ್ರೆ ಅಷ್ಟು ಹೋಯ್ತು ಅಂತಲೇ ಇಟ್ಕೊಳ್ಳಿ. ಆದರೆ 16 ಇದ್ದಿದ್ದು 15 ಆಗೋಕೆ ಇದು ಕಾರಣ, ಹನ್ನೆರಡೂವರೆ ಆಗೋಕೆ ಅಲ್ಲ.

ಈಗ ಹುಡುಕೋ ಕೆಲಸ. ಟಯರಿಂದ ಶುರು ಮಾಡಿ. ಡ್ರೈವರ್ ಬಾಗಿಲು ತೆಗೆದರೆ ಬಾಗಿಲ ಚೌಕಟ್ಟಿನ ಮೇಲೆ ಸ್ಟಿಕ್ಕರ್ ಇರುತ್ತೆ, ಅದರಲ್ಲಿರೋ ಗಾಳಿ ಹಿಡಿಸಿ. ಟಯರ್ ಪಕ್ಕದಲ್ಲಿ ಅಚ್ಚಾಗಿರೋ ನಂಬರ್ ಗರಿಷ್ಠ ಮಿತಿ, ಅಷ್ಟು ಹಾಕಬಾರದು. ಬೆಳಗ್ಗೆ ಗಾಡಿ ತಣ್ಣಗಿದ್ದಾಗಲೇ ನೋಡಬೇಕು. ಓಡಿಸಿ ಬಂದ ಮೇಲೆ ಮೂರು ನಾಲ್ಕು ಪಾಯಿಂಟ್, ಅಂದ್ರೆ ಪಿಎಸ್‌ಐ, ಜಾಸ್ತಿ ತೋರಿಸುತ್ತೆ, ಅದನ್ನ ನೋಡಿ ಗಾಳಿ ಬಿಟ್ಟರೆ ತಣ್ಣಗಾದಾಗ ಕಡಿಮೆ ಆಗಿರುತ್ತೆ. ತಿಂಗಳಿಗೆ ಒಂದೆರಡು ಪಾಯಿಂಟ್ ತಾನಾಗೇ ಇಳಿಯುತ್ತೆ, ಹಾಗಾಗಿ ತಿಂಗಳಿಗೆ ಎರಡು ಸಲ ನೋಡಿ. ಪಂಚರ್ ಅಂಗಡಿ ಗೇಜ್ ಒಂದೊಂದು ಒಂದೊಂದು ಹೇಳುತ್ತೆ, ಸ್ವಂತ ಗೇಜ್ ಒಂದು ಇಟ್ಕೊಳ್ಳೋದು ಒಳ್ಳೇದು. ನೈಟ್ರೋಜನ್‌ಗೆ ದುಡ್ಡು ಕೊಡೋದು ಬೇಡ, ಮಾಮೂಲಿ ಗಾಳಿಯಲ್ಲೇ 78 ಪರ್ಸೆಂಟ್ ಅದೇ ಇರೋದು. ಗಾಳಿ ಏಳೆಂಟು ಪಾಯಿಂಟ್ ಕಡಿಮೆ ಇದ್ರೆ ಮೈಲೇಜ್‌ಗೆ ಒಂದೆರಡು ಪರ್ಸೆಂಟ್ ಪೆಟ್ಟು, ಟಯರ್ ಆಯಸ್ಸಿಗೆ ಅದಕ್ಕಿಂತ ಜಾಸ್ತಿ.

ನನಗೆ ನಿಮ್ಮ ಕಾರಲ್ಲಿ ಹೆಚ್ಚು ಅನುಮಾನ ಇರೋದು ಬ್ರೇಕ್ ಮೇಲೆ. ತಿಂಗಳುಗಟ್ಟಲೆ ನಿಂತಿದ್ದ ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಬ್ರೇಕ್ ಪ್ಯಾಡನ್ನ ಒತ್ತಿ ಹಿಡಿಯೋ ಕ್ಯಾಲಿಪರ್‌ನ ಪಿನ್ ಒಣಗಿ ಅಂಟ್ಕೊಂಡಿರುತ್ತೆ. ಕಾಲು ತೆಗೆದರೂ ಪ್ಯಾಡ್ ಪೂರ್ತಿ ಬಿಡಲ್ಲ, ನೀವು ಇಡೀ ದಿನ ಬ್ರೇಕ್ ಎಳ್ಕೊಂಡೇ ಓಡಿಸ್ತಾ ಇರ್ತೀರಿ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡೀರಿ, ಮುಟ್ಟಬೇಡಿ. ಮುಂದಿನ ಎರಡೂ ಒಂದೇ ಸಮ ಬಿಸಿ ಇರಬೇಕು, ಹಿಂದಿನವೂ ಅಷ್ಟೇ. ಒಂದು ಮಾತ್ರ ಸುಡ್ತಾ ಇದ್ರೆ ಅಲ್ಲೇ ಜಾಮ್. ಖಾತ್ರಿ ಮಾಡ್ಕೊಳ್ಳೋಕೆ ಸಮತಟ್ಟಾದ ಜಾಗದಲ್ಲಿ ಜಾಕ್ ಹಾಕಿ ಕೈಯಲ್ಲಿ ಚಕ್ರ ತಿರುಗಿಸಿ. ಮುಂದಿನ ಚಕ್ರಕ್ಕಾದರೆ ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿಡಿ. ಹಿಂದಿನದಕ್ಕಾದರೆ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಫಸ್ಟ್ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ. ಹಿಂದೆ ಡ್ರಮ್ ಇರೋ ಕಾರಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ಅತಿಯಾಗಿ ಬಿಗಿ ಮಾಡಿರೋದೂ ಸಾಮಾನ್ಯ. ಪಿನ್ ಕಳಚಿ, ಕ್ಲೀನ್ ಮಾಡಿ, ಬ್ರೇಕ್‌ಗೆ ಅಂತಲೇ ಬರೋ ಸಿಲಿಕೋನ್ ಗ್ರೀಸ್ ಹಚ್ಚಿಸಿ. ಬೇರಿಂಗ್‌ಗೆ ಹಾಕೋ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಮತ್ತೆ ಜಾಮ್ ಆಗುತ್ತೆ. ಮೆಕ್ಯಾನಿಕ್ ಪಕ್ಕ ನಿಂತೇ ಮಾಡಿಸಿ.

ಎರಡನೇ ಅನುಮಾನ ಥರ್ಮೋಸ್ಟ್ಯಾಟ್, ಅಂದ್ರೆ ಎಂಜಿನ್ ಬಿಸಿ ಆಗೋವರೆಗೂ ಕೂಲೆಂಟನ್ನ ರೇಡಿಯೇಟರ್‌ಗೆ ಬಿಡದೆ ತಡೆಯೋ ವಾಲ್ವ್. ಗಾಡಿ ಬಿಸಿಯಾಗಬಾರದು ಅಂತ ಕೆಲವು ಮೆಕ್ಯಾನಿಕ್‌ಗಳು ಅದನ್ನ ಕಿತ್ತೇ ಹಾಕಿರ್ತಾರೆ, ಇಲ್ಲ ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುತ್ತೆ. ಆಗ ಎಂಜಿನ್ ಬೇಗ ಬಿಸಿ ಆಗಲ್ಲ, ಎಂಜಿನ್ ನೋಡ್ಕೊಳ್ಳೋ ಕಂಪ್ಯೂಟರ್, ಅಂದ್ರೆ ಇಸಿಯು, ಇನ್ನೂ ತಣ್ಣಗಿದೆ ಅಂದ್ಕೊಂಡು ಪೆಟ್ರೋಲ್ ಜಾಸ್ತಿ ಬಿಡ್ತಾನೇ ಇರುತ್ತೆ. ಸ್ಟಾರ್ಟ್ ಮಾಡಿದಾಗ ಬರೋ ನೀಲಿ ಲೈಟು ತುಂಬ ಹೊತ್ತು ಆರದೆ ಇದ್ರೆ ಇದನ್ನೇ ನೋಡಿಸಿ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಹಾಕೋ ಒಬಿಡಿ ಬ್ಲೂಟೂತ್ ರೀಡರ್ ಯಾರ ಹತ್ತಿರವಾದರೂ ಇದ್ರೆ ಇಸ್ಕೊಳ್ಳಿ, ಎಂಜಿನ್ ಲೆಕ್ಕ ಎಲ್ಲ ಫೋನ್ ಆ್ಯಪ್‌ನಲ್ಲಿ ಕಾಣುತ್ತೆ. ಕಾಲು ಗಂಟೆ ಓಡಿದ ಮೇಲೆ ಕೂಲೆಂಟ್ 80 ಡಿಗ್ರಿ ದಾಟಿರಬೇಕು, 65ರಲ್ಲೇ ಓಲಾಡ್ತಿದ್ರೆ ಥರ್ಮೋಸ್ಟ್ಯಾಟ್ ಹೋಗಿದೆ. ಅದೇ ಆ್ಯಪ್‌ನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ಅಂತ ಇರುತ್ತೆ, ಅಂದ್ರೆ ಇಸಿಯು ಪೆಟ್ರೋಲನ್ನ ಎಷ್ಟು ಪರ್ಸೆಂಟ್ ಹೆಚ್ಚು ಕಡಿಮೆ ಮಾಡ್ತಿದೆ ಅನ್ನೋ ಲೆಕ್ಕ. ಪ್ಲಸ್ ಮೈನಸ್ 5ರೊಳಗೆ ಇದ್ರೆ ಆರೋಗ್ಯ. 10 ದಾಟಿದರೆ ಗಾಳಿ ಸೋರಿಕೆ, ಆಕ್ಸಿಜನ್ ಸೆನ್ಸರ್, ಇಂಜೆಕ್ಟರ್ ಇವನ್ನ ನೋಡಿಸಬೇಕು.

ಎಂಜಿನ್ ಆಯಿಲ್ ಬಿಲ್ ಇದ್ರೆ ಗ್ರೇಡ್ ನೋಡಿ. ಮ್ಯಾನ್ಯುಯಲ್‌ನಲ್ಲಿ 0ಡಬ್ಲ್ಯೂ-20 ಅಂತಿರೋ ಎಂಜಿನ್‌ಗೆ ‘ದಪ್ಪ ಆಯಿಲ್ ಒಳ್ಳೇದು ಸಾರ್’ ಅಂತ 20ಡಬ್ಲ್ಯೂ-50 ಹಾಕಿದ್ರೆ ಪ್ರತಿ ಸುತ್ತಿಗೂ ಎಂಜಿನ್ ತಿಣುಕಬೇಕು. ಏರ್ ಫಿಲ್ಟರ್ ವಿಷಯದಲ್ಲಿ ಮಾತ್ರ ತಪ್ಪು ನಂಬಿಕೆ ಇದೆ. ಇಂಜೆಕ್ಷನ್ ಕಾರಲ್ಲಿ ಫಿಲ್ಟರ್ ಕೊಳೆ ಆದ್ರೆ ಪಿಕಪ್ ಇಳಿಯುತ್ತೆ, ಮೈಲೇಜ್ ಹೆಚ್ಚು ಕಡಿಮೆ ಹಾಗೇ ಇರುತ್ತೆ, ಯಾಕಂದ್ರೆ ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಹೋಗೋದು. ಹಳೇ ಕಾರ್ಬ್ಯುರೇಟರ್ ಬೈಕಲ್ಲಿ ಮಾತ್ರ ನೇರವಾಗಿ ಮೈಲೇಜ್ ಕುಡಿಯುತ್ತೆ.

ಗಾಡಿ ಸರಿ ಇದ್ರೆ ಉಳಿದಿದ್ದೆಲ್ಲ ಬಲಗಾಲು. ಮುಂದೆ ದೂರದಲ್ಲಿ ಬ್ರೇಕ್ ಲೈಟ್ ಕಂಡ ತಕ್ಷಣ ಗೇರಲ್ಲೇ ಬಿಟ್ಟು ಆಕ್ಸಿಲರೇಟರಿಂದ ಕಾಲು ತೆಗೀರಿ. ಇಂಜೆಕ್ಷನ್ ಗಾಡಿಯಲ್ಲಿ ಆಗ ಪೆಟ್ರೋಲ್ ಪೂರ್ತಿ ಕಟ್ ಆಗುತ್ತೆ, ಆರ್‌ಪಿಎಂ ಐಡಲ್ ಹತ್ತಿರ ಇಳಿಯೋವರೆಗೂ ಒಂದು ಹನಿ ಹೋಗಲ್ಲ. ನ್ಯೂಟ್ರಲ್ ಮಾಡಿದ್ರೆ ಎಂಜಿನ್ ಐಡಲ್‌ನಲ್ಲಿ ಕುಡೀತಾನೇ ಇರುತ್ತೆ. ಆದ್ದರಿಂದ ಇಳಿಜಾರಲ್ಲಿ ನ್ಯೂಟ್ರಲ್ ಹಾಕಿ ಉಳಿಸ್ತೀನಿ ಅನ್ನೋದು ಲೆಕ್ಕದಲ್ಲೂ ತಪ್ಪು, ಪ್ರಾಣಕ್ಕೂ ಅಪಾಯ. ಆಗುಂಬೆ, ಚಾರ್ಮಾಡಿ ಇಳಿಯುವಾಗ ದಯವಿಟ್ಟು ಯಾರೂ ಮಾಡಬೇಡಿ. ಬರೀ ಬ್ರೇಕ್ ಮೇಲೆ ಇಳಿದರೆ ಪ್ಯಾಡ್ ಕಾದು ಬ್ರೇಕ್ ಹಿಡಿಯೋದೇ ಇಲ್ಲ. ಎಂಜಿನ್ ಆಫ್ ಮಾಡಿದರಂತೂ ಬ್ರೇಕ್ ಬೂಸ್ಟರ್, ಪವರ್ ಸ್ಟೀರಿಂಗ್ ಎರಡೂ ಕೈಕೊಡುತ್ತೆ. ಹತ್ತಿದ ಗೇರಲ್ಲೇ ಇಳೀಬೇಕು.

ಸಿಗ್ನಲ್‌ನಲ್ಲಿ ಕ್ಲಚ್ ಮೇಲೆ ಕಾಲಿಟ್ಟು ಕೂರಬೇಡಿ. ಟೈಮರ್ 30 ಸೆಕೆಂಡಿಗಿಂತ ಜಾಸ್ತಿ ತೋರಿಸ್ತಿದ್ರೆ ಆಫ್ ಮಾಡಿ. ನಿಮ್ಮಂಥ ಎಂಜಿನ್ ನಿಂತಲ್ಲೇ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತೆ, ಎಸಿ ಇದ್ರೆ ಇನ್ನೂ ಜಾಸ್ತಿ. ದಿನಕ್ಕೆ 40 ನಿಮಿಷ ಸಿಗ್ನಲ್, ಜಾಮ್ ಅಂತ ನಿಂತರೂ ತಿಂಗಳಿಗೆ ಹತ್ತರಿಂದ ಹದಿನೈದು ಲೀಟರ್ ಹಾಗೇ ಹೋಯ್ತು. ಹೈವೇನಲ್ಲಿ ಇದೆಲ್ಲ ಮರೆತು ಸ್ಪೀಡೊಂದನ್ನೇ ನೋಡ್ಕೊಳ್ಳಿ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತೆ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 100ರ ಬದಲು 80ರಲ್ಲಿ ಹೋದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ, ತಡ ಆಗೋದು ಇಪ್ಪತ್ತು ನಿಮಿಷದೊಳಗೆ. ಅಲ್ಲಿ ಕಿಟಕಿ ಮುಚ್ಚಿ ಎಸಿ ಹಾಕೋದೇ ವಾಸಿ, ಊರೊಳಗೆ ನಿಧಾನಕ್ಕೆ ಹೋಗುವಾಗ ಕಿಟಕಿ ತೆಗೆದ್ರೆ ಲಾಭ. ಮೇಲಿನ ಕ್ಯಾರಿಯರ್ ಬೇಡದಿದ್ದಾಗ ಬಿಚ್ಚಿಡಿ.

ಪುಟ್ಟಾ, ನಿನ್ನ ಸ್ಕೂಟರ್‌ಗೆ ಹೇಳ್ತೀನಿ ಕೇಳು. ಪೆಟ್ರೋಲ್ ಪೈಪ್‌ಗೆ ಕಟ್ಟೋ ಮ್ಯಾಗ್ನೆಟ್ ಲಿಂಕ್ ಹಾಕಿದ್ದೀಯಲ್ಲ, ತಗೋಬೇಡ, ಪೆಟ್ರೋಲ್ ಮೇಲೆ ಅದು ಏನೂ ಮಾಡಲ್ಲ. ಹಿಂದಿನ ಬ್ರೇಕ್ ಲಿವರ್ ಸ್ವಲ್ಪ ಸಡಿಲ ಆಡಬೇಕು, ಒಂದರಿಂದ ಎರಡು ಸೆಂಟಿಮೀಟರ್. ಪೂರ್ತಿ ಬಿಗಿ ಮಾಡಿಸಿದ್ರೆ ಚಕ್ರ ಹಿಡ್ಕೊಳ್ಳುತ್ತೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ಕೈಯಲ್ಲಿ ಚಕ್ರ ತಿರುಗಿಸಿ ನೋಡು. ಟ್ರಾಫಿಕ್‌ನಲ್ಲಿ ಬ್ರೇಕ್ ಹಿಡ್ಕೊಂಡೇ ಆಕ್ಸಿಲರೇಟರ್ ತಿರುಗಿಸೋದು ಬಿಡು, ಕ್ಲಚ್ ಸುಟ್ಟುಹೋಗುತ್ತೆ. ಎಂಜಿನ್ ಸದ್ದು ಏರಿದರೂ ಗಾಡಿ ಮುಂದಕ್ಕೆ ಹೋಗದಿದ್ದರೆ ಬೆಲ್ಟ್, ರೋಲರ್, ಇಲ್ಲ ಕ್ಲಚ್ ಸವೆದಿರಬಹುದು. ಬೈಕ್ ಇರೋರು ಚೈನ್ ಸಡಿಲ ನೋಡಿಸಿ, 500 ಕಿಲೋಮೀಟರಿಗೊಮ್ಮೆ ಲ್ಯೂಬ್ ಹಾಕಿ.

ಪವರ್ ಪೆಟ್ರೋಲ್ ಬೇಡ ಭಾವ. ಅದನ್ನ ಆಕ್ಟೇನ್ ಜಾಸ್ತಿ ಅಂತ ಮಾರ್ತಾರೆ. ಆಕ್ಟೇನ್ ಅಂದ್ರೆ ಶಕ್ತಿ ಅಲ್ಲ, ಪೆಟ್ರೋಲ್ ಅಕಾಲದಲ್ಲಿ ಸಿಡಿದು ಎಂಜಿನ್ ನಾಕ್ ಆಗದಂತೆ ತಡೆಯೋ ಗುಣ. ಮ್ಯಾನ್ಯುಯಲ್ ಕೇಳದೆ ಇದ್ರೆ ಕೊಟ್ಟ ದುಡ್ಡು ವಾಪಸ್ ಬರಲ್ಲ. ಬೆಳಗ್ಗೆ ತಂಪಲ್ಲಿ ಹಾಕಿಸಿದ್ರೆ ಜಾಸ್ತಿ ಬರುತ್ತೆ, 100ರ ಬದಲು 110ಕ್ಕೆ ಹಾಕಿಸಿದ್ರೆ ಮೋಸ ಆಗಲ್ಲ, ಇವೆರಡೂ ಕೆಲಸಕ್ಕೆ ಬಾರದ ಮಾತು. ಬಂಕಿನ ಟ್ಯಾಂಕ್ ನೆಲದೊಳಗೆ ಇರೋದ್ರಿಂದ ಬಿಸಿ ತಂಪು ಅಷ್ಟಾಗಿ ಬದಲಾಗಲ್ಲ. ಅನುಮಾನ ಬಂದ್ರೆ 5 ಲೀಟರ್ ಅಳತೆ ಪಾತ್ರೆ ತರಿಸಿ, ಎದುರಿಗೇ ಅಳೆಸೋ ಹಕ್ಕು ಗಿರಾಕಿಗಿದೆ. 25 ಎಂಎಲ್ ವ್ಯತ್ಯಾಸದವರೆಗೆ ಮಾತ್ರ ಮಾಫಿ, ಅದಕ್ಕಿಂತ ಕಡಿಮೆ ಬಂದ್ರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು.

ಕಾಸರಗೋಡಿನ ಚಿಕ್ಕಮ್ಮ, ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಪೆಟ್ರೋಲ್ ಹಾಕಿಸಿದ್ರೆ ಲಾಭವಾ ಅಂತ ಕೇಳಿದ್ರಲ್ಲ. ಕೇರಳದಲ್ಲಿ ತೆರಿಗೆ ಜೊತೆಗೆ 2023ರ ಏಪ್ರಿಲಿಂದ ಲೀಟರಿಗೆ 2 ರೂಪಾಯಿ ಸೆಸ್ಸೂ ಸೇರಿ ನಮ್ಮ ಕಡೆಗಿಂತ ದುಬಾರಿ. ಹೇಗೂ ಮಂಗಳೂರಿಗೆ ಬರೋದಿದ್ರೆ ಗಡಿ ದಾಟಿ ಫುಲ್ ಮಾಡಿಸಿ. ಅದಕ್ಕೆ ಅಂತಲೇ ಬರಬೇಡಿ ಚಿಕ್ಕಮ್ಮ. ಲೀಟರಿಗೆ 5 ರೂಪಾಯಿ ವ್ಯತ್ಯಾಸ ಅಂತ ಇಟ್ಕೊಂಡ್ರೂ 30 ಲೀಟರಿಗೆ ಉಳಿಯೋದು 150, ಹೋಗಿ ಬರೋಕೆ ನಾಲ್ಕೂವರೆ ಲೀಟರ್ ಸುಡುತ್ತೆ.

ಕೊನೇದಾಗಿ ಕಿಟ್. ಲೆಕ್ಕ ಸುಲಭಕ್ಕೆ ಪೆಟ್ರೋಲ್ 100 ರೂಪಾಯಿ, ಸಿಎನ್‌ಜಿ ಕಿಲೋಗೆ 90, ಕಿಟ್ 60,000 ಅಂದ್ಕೊಳ್ಳಿ. ಈಗ ನಿಮಗೆ ಕಿಲೋಮೀಟರಿಗೆ 8 ರೂಪಾಯಿ ಬೀಳ್ತಿದೆ. ರಿಪೇರಿ ಮಾಡಿಸಿ 16 ಮೈಲೇಜ್ ಬಂದ್ರೆ ಆರೂಕಾಲು, ತಿಂಗಳಿಗೆ 1,400 ಉಳಿತಾಯ, ಕಿಟ್ ಇಲ್ಲದೇನೇ. ಆಮೇಲೆ ಸಿಎನ್‌ಜಿ ಕಿಲೋಗೆ 24 ಕಿಲೋಮೀಟರ್ ಕೊಟ್ಟರೆ ಮೂರೂಮುಕ್ಕಾಲು, ಇನ್ನೂ ಎರಡೂವರೆ ಉಳಿಯುತ್ತೆ. 60,000 ವಾಪಸ್ ಬರೋಕೆ 24,000 ಕಿಲೋಮೀಟರ್, ಅಂದ್ರೆ ನಿಮಗೆ ಎರಡೂವರೆ ವರ್ಷ. ಡಿಕ್ಕಿ ಪೂರ್ತಿ ಹೋಗುತ್ತೆ, ಬಂಕಲ್ಲಿ ಕ್ಯೂ ಬೇರೆ. ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ಓಡಿಸೋರಿಗೆ ಹಾಕಿಸಿ ಅಂತೀನಿ, ನಿಮಗೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಹಾಕಿಸೋದೇ ಆದ್ರೆ ನಿಮ್ಮ ಮಾಡೆಲ್‌ಗೆ ಅನುಮೋದನೆ ಇರೋ ಸೀಕ್ವೆನ್ಷಿಯಲ್ ಕಿಟ್ಟೇ (ಎಂಜಿನ್‌ನ ಒಂದೊಂದು ಸಿಲಿಂಡರ್‌ಗೂ ಸರದಿಯಲ್ಲಿ ಗ್ಯಾಸ್ ಬಿಡೋದು) ಇರಲಿ, ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಿ, ಇನ್ಶೂರೆನ್ಸ್‌ನೋರಿಗೂ ತಿಳಿಸಿ, ಇಲ್ಲದಿದ್ರೆ ಕ್ಲೇಮ್ ಬಂದಾಗ ತಕರಾರು. ಗ್ಯಾಸ್ ತುಂಬೋ ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದ್ರೆ ನೀರು ತುಂಬಿ ಒತ್ತಡ ಕೊಟ್ಟು ನೋಡೋ ಪರೀಕ್ಷೆ, ಕಡ್ಡಾಯ, ಒಳಗಿನ ಒತ್ತಡ 200 ಬಾರ್. ಅಡುಗೆ ಸಿಲಿಂಡರಿಂದ ಓಡಿಸೋ ಸೆಟಪ್ ಕಡಿಮೆಗೆ ಮಾಡಿಕೊಡ್ತೀನಿ ಅಂತ ಯಾರಾದ್ರೂ ಬಂದ್ರೆ ಕಾರನ್ನ ಅವರ ಕೈಗೆ ಕೊಡಲೇಬೇಡಿ, ಅದು ಕಾನೂನಿಗೂ ವಿರುದ್ಧ, ಬೆಂಕಿಗೂ ದಾರಿ.